ರಾಜನಿಯಮವೂ ಮನೆಯ ನೇಮವೂ

ಧರ್ಮವೆಂಬುದು ಮಠದ ಗದ್ದುಗೆಯ ಮುಂದೆ ಒಂದು ಬಗೆಯಾಗಿಯೂ ಮನೆಯ ಒಲೆಯ ಮುಂದೆ ಇನ್ನೊಂದು ಬಗೆಯಾಗಿಯೂ ಇರತಕ್ಕ ವಸ್ತುವಲ್ಲವೆಂಬುದು ಶರಣರು ನಮಗೆ ಬಿಟ್ಟುಹೋದ ಉಪದೇಶಗಳಲ್ಲಿ ಮುಖ್ಯವಾದುದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವಗೋಷ್ಠಿಗೆ ನೆರೆದವರೊಳಗೆ ಬಟ್ಟೆ ಮಡಿ ಮಾಡುವವರಿದ್ದರು, ಹಗ್ಗ ಹೊಸೆಯುವವರಿದ್ದರು, ಸೌದೆ ಮಾರುವವರಿದ್ದರು, ಚೆಲ್ಲಿದ ಅಕ್ಕಿಯನ್ನು ಆಯ್ದು ಜೀವಿಸುವವರಿದ್ದರು. ಅವರು ತತ್ತ್ವವನ್ನು ಆಕಾಶದಲ್ಲಿ ಅರಸಲಿಲ್ಲ. ತಮ್ಮ ಕೈಯ ಕೆಲಸ, ಮನೆಯ ಗಳಿಕೆ, ಮನೆಯ ವೆಚ್ಚ ಇವುಗಳನ್ನೇ ಒರೆಗೆ ಹಚ್ಚಿ ಕಂಡರು. ಆದುದರಿಂದ ಇಂದಿನ ಗೃಹಸ್ಥನ ಮನೆಯಲ್ಲಿ ತಿರುಗುವ ಫ್ಯಾನು, ಉರಿಯುವ ಬಲ್ಬು, ಅಡುಗೆಮನೆಯ ಮೂಲೆಯಲ್ಲಿ ಹಗಲಿರುಳು ಗುಂಯ್‌ಗುಡುವ ಫ್ರಿಜ್ಜು ಇವುಗಳ ವಿಚಾರವನ್ನು ಈ ಪುಟಗಳಲ್ಲಿ ಎತ್ತಿಕೊಂಡರೆ ಅದು ಅಪ್ರಕೃತವೆಂದು ವಾಚಕರು ಭಾವಿಸಲಾರರೆಂದು ನಂಬುತ್ತೇವೆ.

ಈ ಯಂತ್ರಗಳು ಎಷ್ಟು ವಿದ್ಯುತ್ತನ್ನು ಉಣ್ಣಬಹುದೆಂಬುದಕ್ಕೆ ಈಗ ಸರ್ಕಾರದ ನಿಯಮವುಂಟು. ಈ ನಿಯಮದ ವಿಷಯದಲ್ಲಿ ಭಕ್ತರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಹಲವು. ಮನೆಯೊಳಗಣ ವಸ್ತುವಿಗೆ ರಾಜ್ಯದ ಕಟ್ಟುಪಾಡು ಏತಕ್ಕೆ? ಕಟ್ಟುಪಾಡಿನಿಂದ ಬಂದ ಮಿತವ್ಯಯವು ಆಚಾರವೆನಿಸುವುದೆ? ಬಡವನ ಮೇಲೆ ಬೆಲೆಯ ಭಾರವನ್ನು ಹೇರಿ ಸಾಧಿಸಿದ ಉಳಿತಾಯವು ಧರ್ಮವೆ? ಈ ಮೂರನ್ನೂ ಕ್ರಮವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ನಿಯಮದ ಸ್ವರೂಪವನ್ನು ತಿಳಿಯೋಣ. ಭಾರತದ ಸಂಸತ್ತು 2001ರಲ್ಲಿ ಇಂಧನ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಅದರಂತೆ 2002ರ ಮಾರ್ಚ್ 1ರಂದು ಇಂಧನ ದಕ್ಷತಾ ಬ್ಯೂರೋ ಎಂಬ ಸಂಸ್ಥೆ ಸ್ಥಾಪಿತವಾಯಿತು. ಯಂತ್ರೋಪಕರಣಗಳಿಗೆ ನಕ್ಷತ್ರದ ಚೀಟಿ ಅಂಟಿಸುವ ಪದ್ಧತಿಯನ್ನು ಈ ಸಂಸ್ಥೆಯು 2006ರಲ್ಲಿ ಆರಂಭಿಸಿತು. ಒಂದು ನಕ್ಷತ್ರದಿಂದ ಐದು ನಕ್ಷತ್ರಗಳವರೆಗೆ ಇರುವ ಈ ಚೀಟಿಯಲ್ಲಿ ನಕ್ಷತ್ರಗಳು ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಆ ಯಂತ್ರವು ಬಳಸುವ ವಿದ್ಯುತ್ತು ಕಡಿಮೆಯೆಂದು ಅರ್ಥ. ಮೊದಲು ಇದು ತಯಾರಕರ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. 2010ರ ಜನವರಿಯಿಂದ ಕೋಣೆಯ ಹವಾನಿಯಂತ್ರಣ ಯಂತ್ರ, ಹಿಮಗಟ್ಟದ ಬಗೆಯ ಫ್ರಿಜ್ಜು, ಟ್ಯೂಬ್‌ಲೈಟು, ವಿತರಣೆಯ ಟ್ರಾನ್ಸ್‌ಫಾರ್ಮರು ಇವುಗಳಿಗೆ ಕಡ್ಡಾಯವಾಯಿತು. 2020ರ ಜನವರಿ 1ರಿಂದ ಹವಾನಿಯಂತ್ರಣ ಯಂತ್ರಗಳು ಕಾರ್ಖಾನೆಯಿಂದ ಹೊರಬರುವಾಗಲೇ 24 ಡಿಗ್ರಿ ಉಷ್ಣಾಂಶಕ್ಕೆ ಅಳವಟ್ಟಿರಬೇಕೆಂದಾಯಿತು. 2023ರ ಜನವರಿ 1ರಿಂದ ಬಡವ ಬಲ್ಲಿದರೆನ್ನದೆ ಎಲ್ಲರ ಮನೆಯಲ್ಲಿಯೂ ಇರುವ ಸೀಲಿಂಗ್ ಫ್ಯಾನಿಗೂ ಈ ಚೀಟಿ ಕಡ್ಡಾಯವಾಯಿತು. ಗೊತ್ತುಪಡಿಸಿದ ಮಟ್ಟವನ್ನು ಮುಟ್ಟದ ಯಂತ್ರಗಳ ತಯಾರಿಕೆಯನ್ನೂ ಮಾರಾಟವನ್ನೂ ಆಮದನ್ನೂ ನಿಷೇಧಿಸುವ ಅಧಿಕಾರವು ಈ ಅಧಿನಿಯಮದ ಹದಿನಾಲ್ಕನೆಯ ಪ್ರಕರಣದಿಂದ ಕೇಂದ್ರ ಸರ್ಕಾರಕ್ಕೆ ಪ್ರಾಪ್ತವಾಗಿದೆ.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ನಕ್ಷತ್ರದ ಮಾನದಂಡವು ಸ್ಥಿರವಾಗಿ ನಿಂತುದಲ್ಲ. ಕೆಲವು ವರ್ಷಗಳಿಗೊಮ್ಮೆ ಅದನ್ನು ಬಿಗಿಗೊಳಿಸುತ್ತ ಹೋಗುತ್ತಾರೆ. ಒಂದು ಕಾಲದಲ್ಲಿ ಐದು ನಕ್ಷತ್ರ ಪಡೆದಿದ್ದ ಯಂತ್ರವು ಮುಂದಿನ ಅವಧಿಯಲ್ಲಿ ನಾಲ್ಕಕ್ಕೋ ಮೂರಕ್ಕೋ ಇಳಿಯುವುದುಂಟು. ಆದುದರಿಂದಲೇ ಚೀಟಿಯ ಮೇಲೆ ಅದು ಯಾವ ಅವಧಿಗೆ ಸಲ್ಲುವುದೆಂಬುದನ್ನು ಮುದ್ರಿಸಿರುತ್ತಾರೆ. ನಿನ್ನೆಯ ಹಿರಿಮೆಯ ಮೇಲೆ ಇಂದು ಕೂಡಬಾರದೆಂಬ ಈ ಮಾತು ಸಾಧಕನಿಗೆ ಹೊಸದೇನೂ ಅಲ್ಲ.

ಇನ್ನು ಮೊದಲನೆಯ ಆಕ್ಷೇಪಣೆಯನ್ನು ನೋಡೋಣ. “ಕಾಯಕದಿಂದ ಸಂಪಾದಿಸಿದ ಹಣ ನನ್ನದು, ಬಿಲ್ಲು ಕಟ್ಟುವವನು ನಾನು, ನನ್ನ ಮನೆಯ ಫ್ಯಾನು ಎಷ್ಟು ವಿದ್ಯುತ್ತನ್ನು ಬಳಸಿದರೆ ರಾಜ್ಯಕ್ಕೇನು?” ಎಂಬುದು ಆ ಆಕ್ಷೇಪಣೆ. ಮೇಲುನೋಟಕ್ಕೆ ಇದು ನ್ಯಾಯವಾದ ಮಾತೇ. ಒಲೆಯ ಮುಂದಕ್ಕೆ, ಹಾಸಿಗೆಯ ಬಳಿಗೆ, ಪೂಜೆಯ ಕೋಣೆಗೆ ಸರ್ಕಾರದ ಕೈ ಚಾಚಬಾರದೆಂಬುದನ್ನು ವಿವೇಕಿಗಳೆಲ್ಲರೂ ಒಪ್ಪುವರು. ಆದರೆ ಈ ನಿಯಮವು ಬಂಧಿಸುವುದು ಗೃಹಸ್ಥನನ್ನಲ್ಲ, ತಯಾರಕನನ್ನೂ ಮಾರಾಟಗಾರನನ್ನೂ. ತೂಕದ ಕಲ್ಲಿಗೆ ಮುದ್ರೆಯೊತ್ತುವುದು ಕೊಳ್ಳುವವನ ಸ್ವಾತಂತ್ರ್ಯಕ್ಕೆ ಹೇಗೆ ಭಂಗವಲ್ಲವೋ, ಯಂತ್ರದ ಒಳಗುಟ್ಟನ್ನು ಹೊರಗೆ ಬರೆಸುವುದೂ ಹಾಗೆಯೇ ಭಂಗವಲ್ಲ. ಅಂಗಡಿಯಲ್ಲಿ ಎರಡು ಫ್ಯಾನುಗಳನ್ನು ಮುಂದಿಟ್ಟರೆ ಯಾವುದು ಹೆಚ್ಚು ನುಂಗುವುದೆಂದು ಕಣ್ಣಿನಿಂದ ಅರಿಯಲು ಸಾಧ್ಯವಿಲ್ಲ. ಅರಿಯದೆ ಮಾಡಿದ ಆಯ್ಕೆಯು ಸ್ವಾತಂತ್ರ್ಯವೆನಿಸಲಾರದು. 24 ಡಿಗ್ರಿಯ ನಿಯಮವೂ ಇಂಥದೇ. ಒಡೆಯನು ಬೇಕೆಂದರೆ ಅದನ್ನು ಬದಲಾಯಿಸಿಕೊಳ್ಳಬಹುದು. ಒಂದೊಂದು ಡಿಗ್ರಿ ಏರಿಸಿಟ್ಟಲ್ಲಿ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುವುದೆಂದು ಬ್ಯೂರೋ ಲೆಕ್ಕ ಹಾಕಿದೆ. ಬದಲಾಯಿಸುವ ಮೊದಲು ಒಂದು ಕ್ಷಣ ಯೋಚಿಸಲು ನಿಯಮವು ಅವಕಾಶವನ್ನಿತ್ತಿದೆ, ಅಷ್ಟೆ.

ಇದಕ್ಕಿಂತ ಆಳವಾದ ಉತ್ತರ ಬೇರೊಂದುಂಟು. ಮೋಳಿಗೆಯ ಮಾರಯ್ಯನವರು ಅರಸೊತ್ತಿಗೆಯನ್ನು ತೊರೆದು ಕಲ್ಯಾಣಕ್ಕೆ ಬಂದು ಸೌದೆ ಹೊರೆ ಮಾರುವ ಕಾಯಕವನ್ನು ಕೈಗೊಂಡರೆಂದು ನಮ್ಮ ಪರಂಪರೆ ಹೇಳುತ್ತದೆ. ಅವರ ಕಾಲದ ಗೃಹಿಣಿಯು ಒಲೆಗೆ ಒಂದು ಕೊರಡು ಹೆಚ್ಚಾಗಿ ಇಟ್ಟರೆ, ಅದನ್ನು ಕಾಡಿನಲ್ಲಿ ಕಡಿದ ತೋಳು, ಹೊತ್ತು ತಂದ ತಲೆ, ಬೆವರಿದ ಮುಖ ಇವೆಲ್ಲವೂ ಆಕೆಯ ಕಣ್ಣ ಮುಂದೆ ಇದ್ದುವು. ನಮ್ಮ ಕಾಲದಲ್ಲಿ ಗೋಡೆಯ ಗುಂಡಿಯನ್ನು ಒತ್ತುವ ಬೆರಳಿಗೆ ಯಾವ ಹೊರೆಯೂ ತಿಳಿಯುವುದಿಲ್ಲ. ಹೊರೆ ಇಲ್ಲವಾಯಿತೆಂದಲ್ಲ, ಅದು ಕಣ್ಮರೆಯಾಯಿತು, ಬೇರೊಬ್ಬರ ತಲೆಗೆ ಹೋಯಿತು.

ಯಾರ ತಲೆಗೆ ಹೋಯಿತೆಂಬುದನ್ನು ನಮ್ಮ ನಾಡಿನ ಚರಿತ್ರೆಯೇ ಹೇಳುತ್ತದೆ. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ನಾಡು ಹಿಗ್ಗಿತು, ಹಿಗ್ಗತಕ್ಕುದೇ. ಆದರೆ 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟೆ ಕಟ್ಟಿದಾಗ ಸಾಗರ, ಹೊಸನಗರ ಸೀಮೆಯ ಊರುಗಳೂ ತೋಟಗದ್ದೆಗಳೂ ನೀರಿನಡಿಯಾದುವು. ಸಾವಿರಾರು ಕುಟುಂಬಗಳು ನೆಲೆಯನ್ನು ಕಳೆದುಕೊಂಡುವು. ನಾಡಿಗೆ ಬೆಳಕು ಕೊಟ್ಟವರಲ್ಲಿ ಎಷ್ಟೋ ಮಂದಿ ತಮ್ಮ ಹೊಸ ನೆಲಕ್ಕೆ ಹಕ್ಕುಪತ್ರವಿಲ್ಲದೆ ಹಲವು ದಶಕ ಅಲೆದರು. 1985ರಲ್ಲಿ ರಾಯಚೂರಿನ ಬಳಿ ಕೃಷ್ಣೆಯ ದಡದ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕವು ನಡೆಯತೊಡಗಿತು. ಸಿಂಗರೇಣಿ ಮೊದಲಾದ ಗಣಿಗಳಿಂದ ರೈಲಿನಲ್ಲಿ ಬಂದ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಇಂಥ ಕೇಂದ್ರಗಳಲ್ಲಿ ಕಲ್ಲಿದ್ದಲಿನ ಶಾಖದೊಳಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಉಳಿದುದು ಬಿಸಿಯಾಗಿ ಗಾಳಿಗೂ ನೀರಿಗೂ ಸೇರುತ್ತದೆ. ಬೂದಿಯು ಸುತ್ತಣ ಹಳ್ಳಿಗಳ ಪಾಲಿಗೆ ಉಳಿಯುತ್ತದೆ. ತಂತಿಯ ದಾರಿಯಲ್ಲಿ ಇನ್ನಷ್ಟು ಸೋರುತ್ತದೆ. ಆದುದರಿಂದ ಮನೆಯಲ್ಲಿ ವ್ಯರ್ಥವಾದ ಒಂದು ಯೂನಿಟ್ಟಿನ ಹಿಂದೆ ಮೂರು ಯೂನಿಟ್ಟಿಗೂ ಮಿಕ್ಕ ಶಾಖದ ವೆಚ್ಚವುಂಟು.

ಮತ್ತೊಂದು ನಿದರ್ಶನ. 2023ರಲ್ಲಿ ಕರ್ನಾಟಕದಲ್ಲಿ ಮಳೆ ಕೈಕೊಟ್ಟಿತು, ಜಲಾಶಯಗಳು ತುಂಬಲಿಲ್ಲ, ಬೆಳೆ ಒಣಗುವ ಹೊತ್ತಿನಲ್ಲಿ ಪಂಪ್‌ಸೆಟ್ಟುಗಳಿಗೆ ಸಾಕಷ್ಟು ಹೊತ್ತು ಕರೆಂಟು ದೊರೆಯದೆ ರೈತರು ಬೀದಿಗಿಳಿದರು. ಆ ದಿನಗಳಲ್ಲಿ ಪಟ್ಟಣದ ಮನೆಯೊಂದರ ಬರಿದಾದ ಕೋಣೆಯಲ್ಲಿ ತಿರುಗುತ್ತಿದ್ದ ಫ್ಯಾನಿಗೂ ಒಣಗುತ್ತಿದ್ದ ಹೊಲಕ್ಕೂ ಸಂಬಂಧವಿಲ್ಲವೆಂದು ಹೇಳಲಾದೀತೆ? ಒಂದೇ ಕೆರೆಯಿಂದ ಎರಡು ಕಾಲುವೆಗಳು ಹರಿಯುವಾಗ ಮೇಲಣ ಕಾಲುವೆಯವನು ತನ್ನ ಗದ್ದೆಯ ನೀರು ತನ್ನದೆಂದು ವಾದಿಸಿದಂತಾಯಿತು. ಬಿಲ್ಲು ಕಟ್ಟಿದ ಮಾತ್ರಕ್ಕೆ ಆ ಋಣ ತೀರುವುದಿಲ್ಲ.

ನಮ್ಮ ಪಂಚಾಚಾರಗಳಲ್ಲಿ ಸದಾಚಾರದೊಡನೆ ಗಣಾಚಾರವನ್ನೂ ಹೇಳಿದ್ದಾರೆ. ಸದಾಚಾರವು ತಾನು ಸನ್ಮಾರ್ಗದಲ್ಲಿ ನಡೆಯುವುದು. ಗಣಾಚಾರವು ಸಮುದಾಯಕ್ಕೆ ಒದಗುವ ಅನ್ಯಾಯವನ್ನು ಕಂಡು ಸುಮ್ಮನಿರದಿರುವುದು. ಒಬ್ಬೊಬ್ಬನೂ ತನ್ನ ಮನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡುವ ಪೋಲು ಕೂಡಿ ಇನ್ನೊಬ್ಬರ ಊರನ್ನು ಮುಳುಗಿಸುವಂತಾದರೆ, ಅದನ್ನು ತಡೆಯಲು ಸಮುದಾಯವು ಒಂದು ಕಟ್ಟಳೆಯನ್ನು ಮಾಡಿಕೊಳ್ಳುವುದು ಗಣಾಚಾರಕ್ಕೆ ಹೊರತಾದುದಲ್ಲ. ಸರ್ಕಾರವೆಂಬುದು ಪ್ರಜಾಪ್ರಭುತ್ವದಲ್ಲಿ ಹೊರಗಿನಿಂದ ಬಂದ ಒಡೆಯನಲ್ಲ. ಅದು ನಾವೇ ಕೂಡಿ ಆರಿಸಿದ ಗಣ. ಹೀಗಿರಲು ಮೊದಲನೆಯ ಆಕ್ಷೇಪಣೆಯು ನಿಲ್ಲುವುದಿಲ್ಲ. ಆದರೆ ಅದರೊಳಗಿನ ಎಚ್ಚರಿಕೆಯು ಮಾತ್ರ ನಿಲ್ಲತಕ್ಕುದು: ನಿಯಮವು ಯಂತ್ರವನ್ನು ಅಳೆಯಲಿ, ಮನೆಯವರನ್ನು ಅಳೆಯದಿರಲಿ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಸೂಕ್ಷ್ಮವಾದುದು. “ಕಟ್ಟಳೆಗಂಜಿ ಮಾಡಿದ ಸತ್ಕಾರ್ಯವು ಸತ್ಕಾರ್ಯವಲ್ಲ, ಮನಸ್ಸು ಒಪ್ಪದ ನೇಮವು ನೇಮವಲ್ಲ, ಹೀಗಿರುವಾಗ ಸರ್ಕಾರದ ಚೀಟಿಗೂ ಶರಣರ ಆಚಾರಕ್ಕೂ ಎತ್ತಣ ನಂಟು?” ಎಂದು ಕೇಳುವರುಂಟು. ಈ ಮಾತಿನ ಅರ್ಧವನ್ನು ನಾವು ಒಪ್ಪಲೇಬೇಕು. ನಿಯಮ, ನೇಮ ಎಂಬ ಎರಡು ಮಾತುಗಳಲ್ಲಿ ಒಂದು ತತ್ಸಮ, ಇನ್ನೊಂದು ಅದರ ತದ್ಭವ. ಆದರೂ ಕನ್ನಡದ ಬಾಯಲ್ಲಿ ಅವೆರಡರ ದಾರಿ ಬೇರೆಯಾಯಿತು. ನಿಯಮವನ್ನು ಇನ್ನೊಬ್ಬರು ಮಾಡುತ್ತಾರೆ. ನೇಮವನ್ನು ನಾವು ಹಿಡಿಯುತ್ತೇವೆ. ನಿಯಮಕ್ಕೆ ತಪ್ಪಿದರೆ ದಂಡ. ನೇಮಕ್ಕೆ ತಪ್ಪಿದರೆ ನಮ್ಮ ಅಂತರಂಗದಲ್ಲಿ ನೋವು.

ಈ ಭೇದವನ್ನು ತೋರಿಸಲು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗಕ್ಕಿಂತ ಉತ್ತಮವಾದುದು ಇನ್ನೊಂದಿಲ್ಲ. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆ ದಂಪತಿಗಳ ಕಾಯಕವು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು. ಒಂದು ದಿನ ಮಾರಯ್ಯನವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನ ಪಾಲನ್ನು ಎಲ್ಲಿಂದ ತಂದರೋ ಅಲ್ಲಿಗೇ ಮರಳಿಸುವಂತೆ ಮಾಡಿದರು. ಯಾವ ಅರಸನ ಕಟ್ಟಳೆಯೂ ಅವರನ್ನು ಹಾಗೆ ಮಾಡೆಂದು ಹೇಳಿರಲಿಲ್ಲ. ಆ ಅಕ್ಕಿಗೆ ಬೆಲೆಯಿರಲಿಲ್ಲ, ಕಾವಲಿರಲಿಲ್ಲ, ಕೇಳುವವರಿರಲಿಲ್ಲ. ಅದು ಕಳವೂ ಅಲ್ಲ. ಆದರೂ ಅವಶ್ಯಕ್ಕೆ ಮೀರಿದುದೆಂಬ ಒಂದೇ ಕಾರಣದಿಂದ ಆ ತಾಯಿ ಅದನ್ನು ಮನೆಯೊಳಗೆ ಇರಗೊಡಲಿಲ್ಲ. ಎಷ್ಟು ದೊರೆಯುವುದು, ಎಷ್ಟು ಕೊಳ್ಳಬಲ್ಲೆ ಎಂಬ ಪ್ರಶ್ನೆಗಳನ್ನು ಬಿಟ್ಟು, ಎಷ್ಟು ಬೇಕು ಎಂಬುದೊಂದನ್ನೇ ಅವರು ಕೇಳಿದರು.

ನಕ್ಷತ್ರದ ಚೀಟಿಯು ಈ ಪ್ರಶ್ನೆಯನ್ನು ಕೇಳಲಾರದು. ಅದು ಯಂತ್ರದ ಜಾಣತನವನ್ನು ಅಳೆಯುತ್ತದೆ, ಯಜಮಾನನ ಅವಶ್ಯವನ್ನು ಅಳೆಯುವುದಿಲ್ಲ. ಈ ಮಾತನ್ನು ಸ್ಪಷ್ಟಪಡಿಸಲು ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಗಂಟೆಗೆ ಒಂದೂವರೆ ಯೂನಿಟ್ಟು ಬಳಸುವ ಹಳೆಯ ಹವಾನಿಯಂತ್ರಣ ಯಂತ್ರವನ್ನು ಒಂದು ಮನೆಯವರು ಬೇಸಗೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ನಡೆಸುತ್ತಿದ್ದರೆನ್ನೋಣ, ಆರು ಯೂನಿಟ್ಟಾಯಿತು. ಅದನ್ನು ತೆಗೆದು ಗಂಟೆಗೆ ಒಂದೇ ಯೂನಿಟ್ಟು ಬಳಸುವ ಹೊಸದನ್ನು ತಂದರು. ಹೇಗೂ ಮಿತವ್ಯಯದ ಯಂತ್ರವೆಂಬ ಸಮಾಧಾನದಿಂದ ಎಂಟು ಗಂಟೆ ನಡೆಸಿದರು, ಎಂಟು ಯೂನಿಟ್ಟಾಯಿತು. ಯಂತ್ರ ಸುಧಾರಿಸಿತು, ವೆಚ್ಚ ಹೆಚ್ಚಿತು. ಇದು ಕೇವಲ ಊಹೆಯಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಎಂಬವರು 1865ರಷ್ಟು ಹಿಂದೆಯೇ, ಉಗಿಯಂತ್ರಗಳು ಸುಧಾರಿಸಿ ಕಲ್ಲಿದ್ದಲಿನ ಬಳಕೆಯಲ್ಲಿ ದಕ್ಷತೆ ಬಂದಷ್ಟೂ ಒಟ್ಟು ಕಲ್ಲಿದ್ದಲಿನ ವೆಚ್ಚವು ಇಳಿಯದೆ ಏರಿತೆಂದು ತೋರಿಸಿಕೊಟ್ಟರು. ಎಲ್ಲ ಯಂತ್ರಗಳಲ್ಲಿಯೂ ಹೀಗೆಯೇ ಆಗುವುದೆಂದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯವು 1970ರ ದಶಕದಲ್ಲಿ ಫ್ರಿಜ್ಜುಗಳಿಗೆ ಮಿತಿ ಹಾಕಿತು. 1987ರಲ್ಲಿ ಆ ದೇಶಕ್ಕೆಲ್ಲ ಅನ್ವಯಿಸುವ ಶಾಸನ ಬಂದಿತು. ಅಂದಿನ ಫ್ರಿಜ್ಜುಗಳಿಗಿಂತ ದೊಡ್ಡದಾದ ಇಂದಿನ ಫ್ರಿಜ್ಜುಗಳು ಅವುಗಳ ಒಂದು ಅಲ್ಪಾಂಶದಷ್ಟೇ ವಿದ್ಯುತ್ತನ್ನು ಬಳಸುತ್ತಿವೆ. ನಿಯಮಕ್ಕೆ ಫಲವುಂಟು. ಆದರೆ ಆ ಫಲವನ್ನು ಉಳಿಸಿಕೊಳ್ಳುವುದೂ ಕಳೆದುಕೊಳ್ಳುವುದೂ ಮನಸ್ಸಿನ ಕೈಯಲ್ಲಿದೆ.

ಚೀಟಿಯನ್ನು ಓದುವುದರಲ್ಲಿಯೂ ಇದೇ ವಿವೇಕ ಬೇಕು. ನಕ್ಷತ್ರಗಳನ್ನು ಯಂತ್ರದ ಗಾತ್ರಕ್ಕೆ ಅನುಸಾರವಾಗಿ ಕೊಟ್ಟಿರುತ್ತಾರೆ. ಐದು ನಕ್ಷತ್ರದ ದೊಡ್ಡ ಫ್ರಿಜ್ಜು ಮೂರು ನಕ್ಷತ್ರದ ಚಿಕ್ಕ ಫ್ರಿಜ್ಜಿಗಿಂತ ಹೆಚ್ಚು ವಿದ್ಯುತ್ತನ್ನು ನುಂಗಬಹುದು. ವರ್ಷಕ್ಕೆ ಎಷ್ಟು ಯೂನಿಟ್ಟೆಂಬ ಅಂಕಿಯೂ ಅದೇ ಚೀಟಿಯಲ್ಲಿರುತ್ತದೆ. ನಕ್ಷತ್ರಗಳನ್ನು ಎಣಿಸಿ ಬೀಗುವವನು ಆ ಅಂಕಿಯನ್ನು ಓದಲು ಮರೆಯುತ್ತಾನೆ. ನಾಲ್ಕು ಜನರ ಮನೆಗೆ ಹತ್ತು ಜನರ ಫ್ರಿಜ್ಜನ್ನು ತಂದು ಐದು ನಕ್ಷತ್ರದ ಹೆಮ್ಮೆಯನ್ನು ಪಡುವುದು, ವಿಭೂತಿಯನ್ನು ಮೂರು ಬೆರಳಗಲ ಧರಿಸಿ ಆಚಾರವನ್ನು ಮರೆತಂತೆ.

ಹಾಗಾದರೆ ನಿಯಮವು ವ್ಯರ್ಥವೆ? ಅಲ್ಲ. ಹೊಲಕ್ಕೆ ಬೇಲಿ ಬೇಕು, ಬೇಲಿಯೇ ಬೆಳೆಯಲ್ಲ. ಎಲ್ಲರೂ ಲಕ್ಕಮ್ಮನವರಂತಿದ್ದರೆ ನಿಯಮವು ಬೇಕಾಗಿರಲಿಲ್ಲ. ಆ ಮಟ್ಟಕ್ಕೆ ಏರುವವರೆಗೆ ಲೋಕವು ಕೆಳಗೆ ಜಾರದಂತೆ ಹಿಡಿಯುವ ಒಂದು ಮೆಟ್ಟಿಲು ಬೇಕಷ್ಟೆ. ಮೆಟ್ಟಿಲನ್ನೇ ಮನೆಯೆಂದು ತಿಳಿದು ಅಲ್ಲಿಯೇ ಕೂಡುವುದು ತಪ್ಪು. ಮನೆ ಮೇಲಿದೆಯೆಂದು ಹೇಳಿ ಮೆಟ್ಟಿಲನ್ನು ಕಿತ್ತೊಗೆಯುವುದೂ ತಪ್ಪು.

ಮೂರನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಬಲವಾದುದು. ಇದನ್ನು ಲಘುವಾಗಿ ಕಾಣುವವರು ಶರಣಧರ್ಮದ ಹೃದಯವನ್ನೇ ಅರಿಯದವರು. ಮಿತವಾಗಿ ಉಣ್ಣುವ ಯಂತ್ರಕ್ಕೆ ಬೆಲೆ ಹೆಚ್ಚು. ಸಾಧಾರಣವಾದ ಸೀಲಿಂಗ್ ಫ್ಯಾನು ಸುಮಾರು 75 ವಾಟು ಬಳಸುತ್ತದೆ, ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಮೋಟಾರಿರುವ ಫ್ಯಾನು ಸುಮಾರು 30 ವಾಟಿನಲ್ಲಿ ಅದೇ ಗಾಳಿಯನ್ನು ಕೊಡುತ್ತದೆ. ದಿನಕ್ಕೆ ಹನ್ನೆರಡು ಗಂಟೆಯಂತೆ ವರ್ಷದಲ್ಲಿ ಮುನ್ನೂರು ದಿನ ತಿರುಗಿದರೆ ಹಳೆಯದಕ್ಕೆ 270 ಯೂನಿಟ್ಟು, ಹೊಸದಕ್ಕೆ 108 ಯೂನಿಟ್ಟು. ಉಳಿತಾಯ 162 ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ 972 ರೂಪಾಯಿ. ಹೊಸದರ ಬೆಲೆ ಒಂದೂವರೆ ಸಾವಿರ ಹೆಚ್ಚಾದರೂ ಎರಡು ವರ್ಷದೊಳಗೆ ಅದು ತೀರಿಹೋಗುವುದು. ಲೆಕ್ಕವೇನೋ ಸರಿಯೇ. ಆದರೆ ಆ ಒಂದೂವರೆ ಸಾವಿರವನ್ನು ಇಂದೇ ಕೈಯಲ್ಲಿ ಹಿಡಿಯಬಲ್ಲವನಿಗೆ ಮಾತ್ರ ಈ ಲೆಕ್ಕವು ಸಲ್ಲುತ್ತದೆ. ದಿನಗೂಲಿಯವನಿಗೆ ನಾಳೆಯ ಉಳಿತಾಯವು ಇಂದಿನ ಹಿಟ್ಟಾಗಲಾರದು. ಅಗ್ಗದ ಯಂತ್ರವನ್ನು ಅಂಗಡಿಯಿಂದ ತೆಗೆದುಹಾಕಿದ ನಿಯಮವು ಅವನ ಮನೆಯಿಂದ ಗಾಳಿಯನ್ನೇ ತೆಗೆದುಹಾಕಿದಂತಾಗಬಾರದು. ನಾಡಿನಲ್ಲಿ ಅತ್ಯಂತ ಕಡಿಮೆ ವಿದ್ಯುತ್ತನ್ನು ಬಳಸುವವನು ಅವನು. ಮಿತವ್ಯಯದ ಪಾಠವನ್ನು ಮೊದಲು ಅವನಿಗೆ ಹೇಳುವುದು ಉಪವಾಸಿಗೆ ಮಿತಾಹಾರವನ್ನು ಬೋಧಿಸಿದಂತೆ.

ಈ ಆಕ್ಷೇಪಣೆಗೆ ಉತ್ತರವನ್ನು ಬಾಯಿಮಾತಿನಿಂದ ಕೊಡಲು ಬಾರದು, ಕ್ರಿಯೆಯಿಂದಲೇ ಕೊಡಬೇಕು. ಅಂಥ ಕ್ರಿಯೆಗೆ ಒಂದು ದೃಷ್ಟಾಂತವು ನಮ್ಮ ಕಣ್ಣ ಮುಂದೆಯೇ ನಡೆದಿದೆ. ತಂತಿ ಕಾದು ಬೆಳಗುವ ಹಳೆಯ 60 ವಾಟಿನ ಬಲ್ಬು ಕೊಡುತ್ತಿದ್ದ ಬೆಳಕನ್ನು ಸುಮಾರು 9 ವಾಟಿನ ಎಲ್.ಇ.ಡಿ. ಬಲ್ಬು ಕೊಡುತ್ತದೆ. ಆದರೆ ಅದರ ಬೆಲೆ ಬಡವರಿಗೆ ನಿಲುಕುತ್ತಿರಲಿಲ್ಲ. 2014ರ ಆರಂಭದಲ್ಲಿ ಸರ್ಕಾರಿ ಸಂಸ್ಥೆಯು ಸಗಟಾಗಿ ಕೊಂಡಾಗಲೇ ಒಂದಕ್ಕೆ 310 ರೂಪಾಯಿ ಬಿದ್ದಿತ್ತು. 2015ರ ಜನವರಿಯಲ್ಲಿ ಆರಂಭವಾಗಿ ಉಜಾಲಾ ಎಂಬ ಹೆಸರು ಪಡೆದ ಯೋಜನೆಯು ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಾಗಿ ಕೊಂಡು ಹಂಚತೊಡಗಿತು. ಕರ್ನಾಟಕದಲ್ಲಿ ಇದು ಹೊಸ ಬೆಳಕು ಎಂಬ ಹೆಸರಿನಿಂದ ನಡೆಯಿತು. 2016ರ ಹೊತ್ತಿಗೆ ಅದೇ ಸಗಟು ಬೆಲೆ 38 ರೂಪಾಯಿಗೆ ಇಳಿದಿತ್ತು. ದೇಶದಲ್ಲಿ ಹೀಗೆ ಹಂಚಿದ ಬಲ್ಬುಗಳ ಸಂಖ್ಯೆ 36 ಕೋಟಿಯನ್ನು ಮೀರಿತು. ಇಲ್ಲಿ ಬಡವನಿಗೆ ಆಜ್ಞೆ ಮಾಡಲಿಲ್ಲ. ವಸ್ತುವನ್ನೇ ಅವನ ಕೈಗೆಟುಕುವಂತೆ ಮಾಡಿದರು. ನಿಯಮವು ಈ ದಾರಿಯಲ್ಲಿ ನಡೆದರೆ ಅದು ಧರ್ಮಕ್ಕೆ ಹತ್ತಿರವಾಗುತ್ತದೆ. ಈ ದಾರಿಯನ್ನು ಬಿಟ್ಟು ಬರಿಯ ನಿಷೇಧವನ್ನೇ ನೆಚ್ಚಿದರೆ ಧರ್ಮದಿಂದ ದೂರವಾಗುತ್ತದೆ.

ಆದರೆ ಸರ್ಕಾರದ ಕರ್ತವ್ಯವನ್ನು ಎತ್ತಿ ತೋರಿದ ಮಾತ್ರಕ್ಕೆ ನಮ್ಮ ಕರ್ತವ್ಯವು ಮುಗಿಯಲಿಲ್ಲ. ಉಳ್ಳವರ ಮನೆಯಲ್ಲಿ ಒಂದು ರೂಢಿಯುಂಟು. ಹೊಸ ಫ್ರಿಜ್ಜನ್ನು ತಂದ ದಿನ ಹಳೆಯದನ್ನು ಮನೆಗೆಲಸದವಳಿಗೆ ಕೊಡುತ್ತಾರೆ. ಹೊಸ ಫ್ಯಾನುಗಳನ್ನು ತೂಗುಹಾಕಿ ಹಳೆಯವನ್ನು ಮಠದ ಪ್ರಸಾದನಿಲಯಕ್ಕೋ ಶಾಲೆಗೋ ಕಳುಹಿಸುತ್ತಾರೆ. ದಾಸೋಹ ಮಾಡಿದೆವೆಂಬ ತೃಪ್ತಿಯನ್ನೂ ಪಡುತ್ತಾರೆ. ವಿಚಾರಿಸಿ ನೋಡಿದರೆ ಇದರಲ್ಲಿ ನಡೆದುದೇನು? ಹೆಚ್ಚು ನುಂಗುವ ಯಂತ್ರವು ನಮ್ಮ ಮೀಟರಿನಿಂದ ಬಡವನ ಮೀಟರಿಗೆ ಹೋಯಿತು. ಉಳಿತಾಯವು ನಮಗೆ, ವೆಚ್ಚವು ಅವನಿಗೆ. ತನಗೆ ಬೇಡವಾದುದನ್ನು ಕೊಡುವುದು ಮನೆಯನ್ನು ಗುಡಿಸಿದಂತಾದೀತೇ ಹೊರತು ದಾಸೋಹವಾಗಲಾರದು. ದಾಸೋಹದಲ್ಲಿ ಕೊಡುವವನು ದಾಸ, ಕೊಳ್ಳುವವನು ಒಡೆಯ. ಒಡೆಯನಿಗೆ ಹಳಸಿದ ಅನ್ನವನ್ನು ಬಡಿಸಲಾದೀತೆ? ಕೊಡುವ ಮನಸ್ಸಿದ್ದರೆ ಮಿತವಾಗಿ ಉಣ್ಣುವ ಹೊಸ ಫ್ಯಾನನ್ನು ಆಕೆಯ ಮನೆಗೆ ಕೊಡಬೇಕು. ತನ್ನ ಹಳೆಯದನ್ನು ಗುಜರಿಗೆ ಹಾಕಬೇಕು. ಗಂಡುಹೆಣ್ಣು ಮಕ್ಕಳು ನೂರಾರು ಮಂದಿ ಓದುವ ಪ್ರಸಾದನಿಲಯದಲ್ಲಿ ಇಪ್ಪತ್ತು ಫ್ಯಾನುಗಳನ್ನು ಬದಲಾಯಿಸಿಕೊಟ್ಟವನು, ಮೇಲಿನ ಲೆಕ್ಕದಂತೆ, ವರ್ಷಕ್ಕೆ ಮೂರು ಸಾವಿರ ಯೂನಿಟ್ಟಿಗೂ ಮಿಕ್ಕ ವಿದ್ಯುತ್ತಿನ ವೆಚ್ಚವನ್ನು ಅನ್ನದ ಕಡೆಗೆ ತಿರುಗಿಸಿದಂತಾಯಿತು. ನಮ್ಮ ಮಠಗಳೂ ದಾನವಾಗಿ ಬಂದ ಯಂತ್ರಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸಿ ಸ್ವೀಕರಿಸುವುದು ಯುಕ್ತ.

ಈ ಮೂರು ಆಕ್ಷೇಪಣೆಗಳನ್ನು ವಿಚಾರಿಸಿದ ಮೇಲೆ ನಮ್ಮ ರಾಜ್ಯದ ಭಕ್ತರಿಗೆ ವಿಶೇಷವಾಗಿ ಸಲ್ಲುವ ಇನ್ನೊಂದು ಪ್ರಶ್ನೆ ಉಳಿಯುತ್ತದೆ. 2023ರ ಜುಲೈಯಿಂದ ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದಿತು. ಹಿಂದಿನ ವರ್ಷದ ಸರಾಸರಿ ಬಳಕೆಗೆ ನೂರಕ್ಕೆ ಹತ್ತರಷ್ಟು ಸೇರಿಸಿ, ತಿಂಗಳಿಗೆ 200 ಯೂನಿಟ್ಟಿನ ಮಿತಿಯೊಳಗೆ, ಮನೆಗಳಿಗೆ ಶೂನ್ಯ ಬಿಲ್ಲು ಬರುವಂತೆ ಅದನ್ನು ರೂಪಿಸಿದರು. ಬಿಲ್ಲಿಗಂಜಿ ಕತ್ತಲಲ್ಲಿ ಕೂಡುತ್ತಿದ್ದ ಎಷ್ಟೋ ತಾಯಂದಿರಿಗೆ ಇದರಿಂದ ನೆಮ್ಮದಿ ದೊರೆತಿದೆ. ಅರ್ಹರು ಅದನ್ನು ಪಡೆಯುವುದರಲ್ಲಿ ಸಂಕೋಚಕ್ಕೆ ಎಡೆಯಿಲ್ಲ. ನಾವು ವಿಚಾರಿಸಬೇಕಾದುದು ಬೇರೆ. ಇದುವರೆಗೆ ಗುಂಡಿಯನ್ನು ಆರಿಸುವಂತೆ ನಮಗೆ ಹೇಳುತ್ತಿದ್ದುದು ಹಣದ ಭಯ. ಫ್ಯಾನಿನ ಲೆಕ್ಕವನ್ನು ಮೇಲೆ ಹೇಳಿದೆವಷ್ಟೆ. ಶೂನ್ಯ ಬಿಲ್ಲಿನ ಮನೆಗೆ ಆ 972 ರೂಪಾಯಿಯು ಮರಳಿ ಬರುವುದಿಲ್ಲ. ಉಳಿದ ಯೂನಿಟ್ಟುಗಳ ಫಲವು ಸಾರ್ವಜನಿಕ ಬೊಕ್ಕಸಕ್ಕೆ ಸೇರುತ್ತದೆ, ಇಲ್ಲವೆ ಯಾವನೋ ರೈತನ ಪಂಪಿಗೆ ಹರಿಯುತ್ತದೆ. ತನ್ನ ಕಿಸೆಗೆ ಏನೂ ಬಾರದಿದ್ದಾಗಲೂ ಗೃಹಸ್ಥನು ಗುಂಡಿಯನ್ನು ಆರಿಸುವನೆ?

ಇಲ್ಲಿಯೇ ನಿಯಮವು ಮುಗಿದು ನೇಮವು ಆರಂಭವಾಗುತ್ತದೆ. ಯಂತ್ರದ ತಯಾರಕನನ್ನು ಸರ್ಕಾರವು ಕಟ್ಟಿಹಾಕಬಲ್ಲದು. ಹಣ ಕಟ್ಟುವವನನ್ನು ಬಿಲ್ಲು ಕಟ್ಟಿಹಾಕಬಲ್ಲದು. ಕಟ್ಟಳೆಯೂ ಇಲ್ಲದ, ಬೆಲೆಯೂ ಇಲ್ಲದ ಎಡೆಯಲ್ಲಿ ಮನುಷ್ಯನನ್ನು ನಡೆಸತಕ್ಕುದು ಆಚಾರವೊಂದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯೂ ಬೆಲೆಯಿಲ್ಲದ ವಸ್ತುವೇ ಆಗಿತ್ತು. ಅದನ್ನು ಹೆಚ್ಚಾಗಿ ತಂದರೆ ಕೇಳುವವರಿರಲಿಲ್ಲ. ಕೇಳುವವರಿಲ್ಲದಿದ್ದುದರಿಂದಲೇ ಲಕ್ಕಮ್ಮನವರ ನೇಮವು ಬೆಳಗಿತು. ಶೂನ್ಯ ಬಿಲ್ಲಿನ ಮನೆಯ ಪ್ರತಿಯೊಬ್ಬ ಯಜಮಾನಿತಿಗೂ ಯಜಮಾನನಿಗೂ ಇಂದು ಅದೇ ಸಂದರ್ಭ ಒದಗಿದೆ. ಹಣವುಳ್ಳವನಿಗೂ ಇದು ಬೇರೆಯಲ್ಲ; ಎಷ್ಟು ಬಿಲ್ಲು ಬಂದರೂ ಕಟ್ಟಬಲ್ಲೆನೆಂಬವನಿಗೆ ವಿದ್ಯುತ್ತು ಪುಕ್ಕಟೆಯಾಗಿಯೇ ಇದೆಯಲ್ಲವೆ?

ಪ್ರಸಾದತತ್ತ್ವವನ್ನು ಬಲ್ಲವರಿಗೆ ಈ ಮಾತನ್ನು ಹೆಚ್ಚು ವಿಸ್ತರಿಸಬೇಕಾಗಿಲ್ಲ. ಪದಾರ್ಥವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವಾಗಿ ಸ್ವೀಕರಿಸುವವನು ಎಲೆಯಲ್ಲಿ ಒಂದು ಅಗುಳನ್ನೂ ಬಿಡುವುದಿಲ್ಲ. ಅನ್ನಕ್ಕೆ ಮಾತ್ರ ಸಲ್ಲುವ ನೇಮವಲ್ಲ ಇದು. ನೀರು, ಬೆಳಕು, ಗಾಳಿ, ಶಾಖ ಇವೂ ಶಿವನು ಇತ್ತ ಪದಾರ್ಥಗಳೇ. ಮನುಷ್ಯನ ಬುದ್ಧಿಯು ಅವುಗಳನ್ನು ತಂತಿಯೊಳಗೆ ಹರಿಯಿಸಿದ ಮಾತ್ರಕ್ಕೆ ಅವು ಶಿವನಿಗೆ ಹೊರತಾಗಲಿಲ್ಲ. ಊಟ ಮುಗಿದ ಮೇಲೆ ಎಲೆಯನ್ನು ಒಮ್ಮೆ ನೋಡಿಕೊಳ್ಳುವಂತೆ, ಕೋಣೆಯಿಂದ ಹೊರಡುವಾಗ ಒಮ್ಮೆ ಹಿಂದಿರುಗಿ ನೋಡುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದರೆ ಅದು ಚಿಕ್ಕ ಸಂಸ್ಕಾರವಲ್ಲ.

ಹೀಗೆ ವಿಚಾರಿಸಿದಲ್ಲಿ ಗೃಹಸ್ಥ ಭಕ್ತರು ಅನುಸರಿಸಬಹುದಾದ ಕೆಲವು ನೇಮಗಳು ತಾವಾಗಿಯೇ ಹೊಳೆಯುತ್ತವೆ. ಯಂತ್ರವನ್ನು ಕೊಳ್ಳುವ ಮೊದಲು ಅದು ಅವಶ್ಯವೆ ಎಂದು ಕೇಳಿಕೊಳ್ಳುವುದು. ಅವಶ್ಯವಾದರೆ ಅವಶ್ಯಕ್ಕೆ ತಕ್ಕ ಗಾತ್ರವನ್ನು ಆರಿಸುವುದು. ಆ ಬಳಿಕ ನಕ್ಷತ್ರವನ್ನೂ ಅವಧಿಯನ್ನೂ ವರ್ಷದ ಯೂನಿಟ್ಟನ್ನೂ ಓದುವುದು. ತಿಂಗಳ ಬಿಲ್ಲಿನಲ್ಲಿ ರೂಪಾಯಿಯನ್ನು ನೋಡುವುದಕ್ಕೆ ಮುಂಚೆ ಯೂನಿಟ್ಟನ್ನು ನೋಡುವುದು. ಹಳೆಯ ಯಂತ್ರದ ಹೊರೆಯನ್ನು ಬಡವರಿಗೆ ದಾಟಿಸದಿರುವುದು. ಉಳಿದುದನ್ನು ಇನ್ನೊಂದು ಭೋಗಕ್ಕೆ ತಿರುಗಿಸದೆ, ಅದರಲ್ಲಿ ಒಂದು ಪಾಲನ್ನಾದರೂ ದಾಸೋಹಕ್ಕೆ ಸಲ್ಲಿಸುವುದು. ಇವುಗಳಲ್ಲಿ ಯಾವುದನ್ನೂ ಸರ್ಕಾರವು ಆಜ್ಞಾಪಿಸಲಾರದು, ಆಜ್ಞಾಪಿಸಲೂ ಕೂಡದು.

ರಾಜನಿಯಮವು ಅಂಗಡಿಯ ಬಾಗಿಲವರೆಗೆ ಬಂದು ನಿಲ್ಲಲಿ. ಅಲ್ಲಿಂದ ಮುಂದೆ ಮನೆಯನ್ನು ಆಳತಕ್ಕುದು ಮನೆಯ ನೇಮ. ಹೊರಗಣ ಕಟ್ಟಳೆಯನ್ನು ಹಳಿಯದೆ, ಅದರಲ್ಲಿಯೇ ತೃಪ್ತರಾಗಿ ನಿಲ್ಲದೆ, ಅವಶ್ಯಕ್ಕೆ ಮೀರಿದುದನ್ನು ಎಲ್ಲಿಂದ ಬಂದಿತೋ ಅಲ್ಲಿಗೇ ಬಿಡುವ ಧೈರ್ಯವನ್ನು ಶರಣರು ನಮ್ಮೆಲ್ಲರಿಗೂ ಕರುಣಿಸಲಿ.